ಹತ್ತು ನಿಮಿಷದ ಕೆಲಸ

ಧನರಾಜ ತೀರಿಹೋದ ಸುದ್ದಿ ನನಗೆ ತಿಳಿದದ್ದು ಹೋದ ವರ್ಷದ ಆಯುಧಪೂಜೆಯ ದಿನ, ಪಾಯಸ ಬಡಿಸುವ ಹೊತ್ತಿಗೆ. ಗ್ಯಾರೇಜಿನ ಪೂಜೆ ಮುಗಿಸಿ ಕುವೈತಿನ ಫರ್ವಾನಿಯಾದ ರೂಮಿಗೆ ಬಂದು ನಾಲ್ಕು ಜನ ಊಟಕ್ಕೆ ಕೂತಿದ್ದೆವು. ಫೋನು ಬಂತು. ಗ್ಯಾರೇಜಿನ ವೆಲ್ಡರ್ ಅಲಿಕುಂಞಿ. "ಯಶೋಧರಣ್ಣ, ನೀವು ಬೇಗ ಬನ್ನಿ" ಎಂದ. ಯಾಕೆ ಎಂದು ಕೇಳಿದೆ. ಅದಕ್ಕೂ, "ನೀವು ಬೇಗ ಬನ್ನಿ" ಎಂದಷ್ಟೇ ಹೇಳಿದ. ಮೂವತ್ತನಾಲ್ಕು ವರ್ಷ ಗ್ಯಾರೇಜಿನಲ್ಲಿ ಬದುಕಿದವನಿಗೆ ಅಂಥ ಮಾತಿನ ಅರ್ಥವನ್ನು ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ.

ಧನರಾಜ ನನ್ನ ತಂಗಿ ಉಮಾವತಿಯ ಮಗ. ನಲವತ್ತೊಂದು ವರ್ಷ. ನಮ್ಮ ತುಳುವರಲ್ಲಿ ಮಾವನ ನಂತರ ಮನೆಯ ದೀಪ ಹಚ್ಚುವವನು ಸೋದರಳಿಯ. ಅವನನ್ನು ಕುವೈತಿಗೆ ಕರೆತಂದವನು ನಾನು. ಕೈಗೆ ಮೊದಲ ಪಾನಾ ಕೊಟ್ಟು ನಟ್ಟು ತಿರುಗಿಸಲು ಕಲಿಸಿದವನೂ ನಾನು. ಅವನು ಹೇಗೆ ಸತ್ತ ಎಂಬ ನಿಜವನ್ನು ಒಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದವನೂ ನಾನೇ.

ಅದನ್ನು ಬಾಯಿ ಬಿಟ್ಟು ಹೇಳಿದ್ದು ಕಳೆದ ಗುರುವಾರ, ಅಬು ಹಲೀಫಾದಲ್ಲಿ ಕುಶಾಲ್ ಅವರ ಮನೆಯ ಭಜನೆಯ ದಿನ. ಮೈಸೂರಿನ ಕಡೆಯವರು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಭಜನೆ ಮುಗಿಯುವುದರೊಳಗೆ ಮಳೆ ಹಿಡಿಯಿತು. ಕುವೈತಿನ ಮಳೆ ವರ್ಷಕ್ಕೆ ನಾಲ್ಕು ದಿನ ಬರುತ್ತದೆ, ಬಂದರೆ ರಸ್ತೆಯನ್ನೇ ನುಂಗುತ್ತದೆ. ಅಂಡರ್‌ಪಾಸಿನಲ್ಲಿ ಕಾರುಗಳು ತೇಲುತ್ತಿವೆ ಎಂದು ಫೋನಿನಲ್ಲಿ ಸುದ್ದಿ ಬಂತು. ಏಳೆಂಟು ಜನ ಅಲ್ಲೇ ಉಳಿದೆವು. ಸಂಜೆ ಆರು ಗಂಟೆ. ಕುಶಾಲರ ಹೆಂಡತಿ ಬೃಂದಾ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದರು. ಕಾರಿಡಾರಿನಿಂದ ಗಾಳಿ ನುಗ್ಗಿ ದೇವರ ದೀಪ ಅಲ್ಲಾಡುತ್ತಿತ್ತು. ಕುಶಾಲ್ ಬಾಗಿಲು ಹಾಕಲು ಎದ್ದರು.

"ಬಾಗಿಲು ಹಾಕಬೇಡಿ" ಎಂದೆ.

"ದೀಪ ಆರೋಗತ್ತೆ ಯಶೋಧರಣ್ಣ."

"ಆರಿದರೆ ಮತ್ತೆ ಹಚ್ಚುವ. ನಾನು ಇರುವ ಕಡೆ ಬಾಗಿಲು ಒಂದು ಗೇಣು ತೆರೆದಿರಬೇಕು. ಒಬ್ಬ ಬರಲಿಕ್ಕೆ ಉಂಟು."

ಎಲ್ಲರೂ ನನ್ನ ಮುಖ ನೋಡಿದರು. ಅವರ ಮಗಳು ಸಿಂಚನಾ, ಒಂಬತ್ತನೇ ಕ್ಲಾಸಿನವಳು, ಕಿವಿಯಿಂದ ಇಯರ್‌ಫೋನ್ ತೆಗೆದಳು. ಆಗ ಹೇಳಲು ಶುರು ಮಾಡಿದೆ. ಹೇಳಿದ ಹಾಗೆಯೇ ಇಲ್ಲಿ ಬರೆದಿದ್ದೇನೆ.

ಕೇಳಿ. ಇದು ಒಂದು ಗಾಡಿಯ ಕತೆ. ಹಿಮದಲ್ಲಿ ಓಡುವ ಗಾಡಿ...

"ಸ್ನೋ ಗಾಡಿ? ಇನ್ ಕುವೈತ್? ತಾತ, ಸೀರಿಯಸ್ಲಿ?" ಎಂದಳು ಸಿಂಚನಾ.

ಹೌದು ಮಗಾ, ನಾನೂ ಹಾಗೆಯೇ ನಗಾಡಿದ್ದೆ. ಉಮರ್ ಅಂತ ಒಬ್ಬ ಕುವೈತಿ ಸಾಹೇಬರು, ಒಳ್ಳೆಯ ಮನುಷ್ಯ, ಮೂರು ಮಕ್ಕಳ ಅಪ್ಪ, ಯಾವುದೋ ಚಳಿ ದೇಶಕ್ಕೆ ಹೋದವರು ಅಲ್ಲಿ ಒಬ್ಬ ರೈತನ ಕೊಟ್ಟಿಗೆಯಲ್ಲಿ ಅದನ್ನು ನೋಡಿದರಂತೆ. ಹಿಮದಲ್ಲಿ ಹೂತು ಹೋಗದ ಗಾಡಿ ಮರಳಿನಲ್ಲಿಯೂ ಹೂತು ಹೋಗಲಿಕ್ಕಿಲ್ಲ ಅಂತ ಅವರ ಲೆಕ್ಕ. ಚಳಿಗಾಲದಲ್ಲಿ ಇಲ್ಲಿಯವರು ಮರಳುಗಾಡಿನಲ್ಲಿ ಡೇರೆ ಹಾಕುತ್ತಾರಲ್ಲ, ಅಲ್ಲಿ ಮಕ್ಕಳನ್ನು ಕೂರಿಸಿ ದಿಬ್ಬ ಹತ್ತಿಸಬೇಕು ಅಂತ ಆಸೆ. ಶುವೈಖಿನಲ್ಲಿ ನಮ್ಮ ಗ್ಯಾರೇಜಿನ ಮುಂದೆ ಲಾರಿಯಿಂದ ಅದು ಇಳಿಯಿತು. ನನಗಿಂತ ಎರಡೇ ವರ್ಷ ಚಿಕ್ಕದು. ಚಕ್ರ ಇಲ್ಲ. ನಾಲ್ಕು ಮೂಲೆಗೆ ನಾಲ್ಕು ಚೈನು, ಯುದ್ಧದ ಟ್ಯಾಂಕಿನ ಪಟ್ಟಿಯ ಹಾಗಿನದ್ದು, ಒಂದೊಂದೂ ಚಿಕ್ಕ ದೋಣಿಯ ಹಾಗೆ. ಸೀಟಿನ ಕೆಳಗೆ ಇಲಿಗೂಡು, ಅದರಲ್ಲಿ ಸೂಜಿಯ ಹಾಗಿನ ಒಣ ಎಲೆಗಳು. ಆ ಎಲೆಯನ್ನು ಧನರಾಜ ಮೂಸಿ ನೋಡಿ ಒಂದು ಡಬ್ಬಿಯಲ್ಲಿ ಹಾಕಿ ಇಟ್ಟ. "ಎಷ್ಟು ದೂರದಿಂದ ಬಂದ ಪ್ರಾಣಿ ಮಾವ, ಅದರ ಊರಿನ ವಾಸನೆ ಅದರ ಜೊತೆ ಇರಲಿ" ಅಂದ. ಹಾಗಿನವನು ಅವನು.

ಒಂಬತ್ತು ತಿಂಗಳು ಅದರ ಮೇಲೆ ಕೂತ. ಐದು ಬಣ್ಣ ಕೆರೆದು ತೆಗೆದು ಕೆಳಗಿನ ಕಿತ್ತಳೆ ಬಣ್ಣ ಹುಡುಕಿದ. ಚೈನಿನ ಒಂದೊಂದು ಕೊಂಡಿ ಬಿಚ್ಚಿ, ಸವೆದ ಪಿನ್ನುಗಳನ್ನು ಲೇತಿನಲ್ಲಿ ಹೊಸದಾಗಿ ಕಡೆದ. ಮರಳಿನ ಕಾವಿಗೆ ದೊಡ್ಡ ರೇಡಿಯೇಟರ್ ಕೂರಿಸಿದ. ಆದರೆ ದೊಡ್ಡ ಕೆಲಸ ಬೇರೆ ಇತ್ತು... ಚಳಿ ದೇಶದ ಗಾಡಿ ತಾನೇ, ಅದರ ಬುದ್ಧಿ ಎಲ್ಲ ಒಳಗಿನವರನ್ನು ಬೆಚ್ಚಗೆ ಇಡುವುದರಲ್ಲಿ. ಎಂಜಿನ್ನು ಎರಡು ಸೀಟಿನ ನಡುವೆ, ಒಂದು ಮುಚ್ಚಳದ ಕೆಳಗೆ. ಅಲ್ಲಿನ ಬಿಸಿಗಾಳಿ ಒಳಗೆ ಬರಲಿಕ್ಕೆ ನೆಲದಲ್ಲಿ ಎರಡು ತೂತು, ಅಂಗೈ ಅಗಲ. ನಮಗೆ ಬೇಕಾದದ್ದು ಏಸಿ. ಹೀಟರ್ ಕಿತ್ತು ಏಸಿ ಹಾಕಿಯಾಯಿತು, ಕಿಟಕಿ ಬಾಗಿಲಿಗೆಲ್ಲ ಹೊಸ ರಬ್ಬರು ಹಾಕಿಯಾಯಿತು, ಒಂದು ಇರುವೆ ನುಸುಳದ ಹಾಗೆ. ಉಳಿದದ್ದು ಆ ಎರಡು ತೂತು. ಮತ್ತೆ ಸೈಲೆನ್ಸರ್ ಪೈಪಿನ ಜೋಡಣೆಯಲ್ಲಿ ಒಂದು ಸಣ್ಣ ಸೋರಿಕೆ, ಅದರ ಪ್ಯಾಕಿಂಗು ಬರಲಿಕ್ಕಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು.

ನಿಮಗೆ ಗೊತ್ತುಂಟಲ್ಲ, ಆಯುಧಪೂಜೆ ಅಂದರೆ ಗ್ಯಾರೇಜಿನವರಿಗೆ ಏನು ಅಂತ. ಹಿಂದಿನ ದಿನವೇ ಪಾನಾ, ಜಾಕಿ, ಡ್ರಿಲ್ಲು, ವೆಲ್ಡಿಂಗ್ ಮಿಷನ್ನು ಎಲ್ಲ ಒರೆಸಿ, ದೇವರ ಪಟದ ಮುಂದೆ ಜೋಡಿಸಿ, ಗಂಧ ಕುಂಕುಮ ಹಚ್ಚಿ ಇಟ್ಟಿದ್ದೆ. ಆ ಗ್ಯಾರೇಜಿನಲ್ಲಿ ಪೂಜೆ ನನ್ನದೇ. ಬೆಳಿಗ್ಗೆ ಧನರಾಜ ಬಂದು ಮೆಲ್ಲ ಹೇಳಿದ, "ಮಾವ, ಆ ತೂತಿಗೆ ತಗಡು ಕತ್ತರಿಸಿ ಇಟ್ಟಿದ್ದೇನೆ. ಹತ್ತು ನಿಮಿಷದ ಕೆಲಸ. ವೆಲ್ಡಿಂಗ್ ಮಿಷನ್ ಒಮ್ಮೆ ತೆಗೆಯುತ್ತೇನೆ, ಮತ್ತೆ ಅಲ್ಲೇ ಇಡುತ್ತೇನೆ."

ನಾನು ಏನು ಹೇಳಿದೆ ಗೊತ್ತುಂಟಾ? "ಕುಂಕುಮ ಇಟ್ಟ ಆಯುಧ ಮುಟ್ಟಲಿಕ್ಕೆ ಇಲ್ಲ. ನಾಳೆ ಮಾಡು" ಅಂದೆ.

"ಹಾಗಾದರೆ ಗಾಡಿಯನ್ನೂ ನಾಳೆಯೇ ಸ್ಟಾರ್ಟ್ ಮಾಡುವ" ಅಂದ.

"ಪೂಜೆಯ ದಿನ ಎಂಜಿನ್ ಎಬ್ಬಿಸದೆ ಇರುವುದುಂಟಾ? ಅಪಶಕುನ" ಅಂದೆ.

ನೋಡಿ, ಎರಡು ಮಾತು. ಒಂದು ಕೈಯಲ್ಲಿ ತಡೆದೆ, ಇನ್ನೊಂದು ಕೈಯಲ್ಲಿ ತಳ್ಳಿದೆ. ಅವನು ಕತ್ತರಿಸಿದ ತಗಡನ್ನು ಬದಿಗೆ ಇಟ್ಟ. ಮಾವನ ಮಾತಿಗೆ ಎದುರು ಮಾತಾಡಿ ಅವನಿಗೆ ಅಭ್ಯಾಸ ಇಲ್ಲ.

ತೆಂಗಿನಕಾಯಿ ಒಡೆದೆ. ಚೈನಿನ ಕೆಳಗೆ ನಿಂಬೆಹಣ್ಣು ಇಟ್ಟೆ. ಅಲಿಕುಂಞಿ ದೂರ ನಿಂತು, "ಇಷ್ಟು ಉದ್ದದ ಚೈನಿಗೆ ಒಂದೊಂದೇ ಹಣ್ಣಾ ಯಶೋಧರಣ್ಣ? ಒಂದು ಚೀಲ ತಂದಿದ್ದರೆ ಉಳಿದದ್ದರಲ್ಲಿ ನಮಗೆ ಶರಬತ್ತಾದರೂ ಆಗುತ್ತಿತ್ತು" ಅಂದ. ಎಲ್ಲರೂ ನಗಾಡಿದೆವು. ಆಮೇಲೆ ಒಂದು ಕಟ್ಟು ಊದುಬತ್ತಿ ಹಚ್ಚಿ, ಬಾಳೆಹಣ್ಣಿಗೆ ಚುಚ್ಚಿ, ಗಾಡಿಯ ಒಳಗೆ ಇಟ್ಟೆ. ಒಂದು ಕಡ್ಡಿಯಲ್ಲ, ಪೂರ್ತಿ ಕಟ್ಟು. ಒಂಬತ್ತು ತಿಂಗಳ ದುಡಿಮೆ ಅಲ್ಲವಾ, ದೇವರಿಗೆ ಯಾಕೆ ಕಡಿಮೆ ಮಾಡುವುದು... ಧನರಾಜ ಗಾಡಿ ಎಬ್ಬಿಸಿದ, ನಿಂಬೆಹಣ್ಣು ದಾಟಿಸಿದ. ನಾನು ಪ್ರಸಾದ ಹಂಚಿ ಹೊರಟು ಬಂದೆ.

ಗ್ಯಾರೇಜು ನಡೆಸುವವನು ಭೋಜ. ನಮ್ಮೂರಿನ ಕಡೆಯವನೇ, ನಮ್ಮ ಭಾಷೆಯವನೇ. ನಾನು ಹೊರಟ ಮೇಲೆ ಅವನು ಬಂದು ಹೇಳಿದನಂತೆ, "ಸಾಹೇಬರು ನಾಲ್ಕು ಗಂಟೆಗೆ ಬರುತ್ತಾರೆ. ಬಾಗಿಲು ಹಾಕಿ ಏಸಿ ಬಿಟ್ಟು ಕೂತು ನೋಡು, ಒಳಗೆ ಎಷ್ಟು ತಣ್ಣಗಾಗುತ್ತದೆ ಅಂತ. ತೂತಿನ ಮೇಲೆ ಕಾರ್ಪೆಟ್ ಎಳೆ, ಸಾಕು." ಧನರಾಜ ಒಳಗೆ ಕೂತ. ಬಾಗಿಲು ಹಾಕಿದ.

ಎಂಜಿನ್ನಿನ ಹೊಗೆಯಲ್ಲಿ ಕೊಲ್ಲುವ ಗಾಳಿಗೆ ವಾಸನೆ ಇಲ್ಲ. ಆದರೆ ಅದರ ಜೊತೆ ಬರುವ ಹೊಗೆಗೆ ಉಂಟು. ಮೆಕ್ಯಾನಿಕಿಗೆ ಮೂಗೇ ದೊಡ್ಡ ಪಾನಾ. ಬೇರೆ ಯಾವ ದಿನವಾದರೂ ಅವನು ಅರ್ಧ ನಿಮಿಷದಲ್ಲಿ ಮೂಸಿ ಹೊರಗೆ ಹಾರುತ್ತಿದ್ದ. ಆ ದಿನ ಒಳಗೆ ಏನು ವಾಸನೆ ಇತ್ತು? ಹೇಳಿ ನೀವೇ... ಒಂದು ಕಟ್ಟು ಊದುಬತ್ತಿ. ಮಾವ ಹಚ್ಚಿಟ್ಟದ್ದು.

ಅಲಿಕುಂಞಿ ಗಾಜು ಒಡೆದು ಹೊರಗೆ ಎಳೆದನಂತೆ. ಮುಖ ಕೆಂಪಗೆ, ನಿದ್ದೆ ಬಂದವನ ಹಾಗೆ ಇತ್ತಂತೆ. ಒಂದು ಕೈ ಮಾತ್ರ ಬಾಗಿಲಿನ ಚಿಲಕವನ್ನು ಬಿಗಿಯಾಗಿ ಹಿಡಿದುಕೊಂಡಿತ್ತಂತೆ.

ಭೋಜ ಏನು ಮಾಡಿದ? ನಾನು ಅಲ್ಲಿಗೆ ಮುಟ್ಟುವುದರೊಳಗೆ ಎಂಜಿನ್ ನಿಲ್ಲಿಸಿ, ಬಾಗಿಲು ಕಿಟಕಿ ತೆರೆದು, ಬಾಳೆಹಣ್ಣು ಊದುಬತ್ತಿ ಎಲ್ಲ ಕಸದ ಡಬ್ಬಿಗೆ ಹಾಕಿದ್ದ. "ಹಾರ್ಟ್ ಅಟ್ಯಾಕ್" ಅಂದ. ಎರಡು ದಿನದಿಂದ ಎದೆನೋವು ಅನ್ನುತ್ತಿದ್ದ ಅಂತ ಪೊಲೀಸರಿಗೂ ಹೇಳಿದ. ಮರುದಿನ ನನ್ನ ಮುಂದೆ ಅರಬ್ಬಿಯ ಒಂದು ಕಾಗದ ಇಟ್ಟ. ನನಗೆ ಅರಬ್ಬಿ ಓದಲಿಕ್ಕೆ ಬರುವುದಿಲ್ಲ. ಹಾಗಂತ ತಪ್ಪಿಸಿಕೊಳ್ಳುವುದಿಲ್ಲ ನಾನು, ಅವನು ಓದಿ ಹೇಳಿದ. ಮೊದಲೇ ಹೃದಯದ ಕಾಯಿಲೆ ಇತ್ತು, ಯಾರ ಮೇಲೂ ಸಂಶಯ ಇಲ್ಲ. "ಸಹಿ ಹಾಕಿದರೆ ಮೂರು ದಿನದಲ್ಲಿ ಹೆಣ ಊರಿಗೆ. ಇಲ್ಲದಿದ್ದರೆ ತನಿಖೆ, ಕೊಯ್ಯುವುದು, ಎರಡು ತಿಂಗಳು ಶವಾಗಾರದ ಪೆಟ್ಟಿಗೆಯಲ್ಲಿ. ಉಮಾವತಿಯಕ್ಕನಿಗೆ ನೀವೇ ಹೇಳಿ" ಅಂದ.

ತಂಗಿ ಫೋನಿನಲ್ಲಿ ಒಂದೇ ಮಾತು. ಅಣ್ಣ, ನನಗೆ ಅವನ ಮುಖ ತೋರಿಸು.

ಸಹಿ ಹಾಕಿದೆ. ಇದೇ ಕೈ. ಪೂಜೆ ಮಾಡುವ ಕೈ.

ನನ್ನ ಇಕಾಮಾ, ಈ ದೇಶದಲ್ಲಿ ಇರುವ ಪರವಾನಗಿ, ಆಗ ನವೀಕರಣಕ್ಕೆ ಅಂತ ಭೋಜನ ಹತ್ತಿರವೇ ಇತ್ತು. ಹೆಣ ಹೋಯಿತು, ಮಾವ ಹೋಗಲಿಲ್ಲ. ನಮ್ಮಲ್ಲಿ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಒಂದು ಕ್ರಮ ಉಂಟು. ಸತ್ತವನನ್ನು ಹೊಸ್ತಿಲಲ್ಲಿ ನಿಂತು ಮೂರು ಸಲ ಹೆಸರು ಹಿಡಿದು ಒಳಗೆ ಕರೆಯಬೇಕು. ಒಳಗೆ ಬಂದರೆ ಹಿರಿಯರ ಸಾಲಿನಲ್ಲಿ ಕೂತ ಹಾಗೆ, ಬಾರದಿದ್ದರೆ ಅಲೆಯುತ್ತಾನೆ. ಕರೆಯಬೇಕಾದವನು ನಾನು. ಫೋನನ್ನು ಹೊಸ್ತಿಲಲ್ಲಿ ಇಟ್ಟರು. ಫರ್ವಾನಿಯಾದ ರೂಮಿನಿಂದ ನಾನು ಕರೆದೆ. ಉಳಯಿ ಬಲ, ಒಳಗೆ ಬಾ ಮಗಾ, ಅಂತ. ಒಂದು... ಎರಡು... ಮೂರು...

ಮತ್ತೆ ಉಮಾವತಿ ಹೇಳಿದಳು, "ಅವನು ಬರಲಿಲ್ಲ ಅಣ್ಣ. ದೀಪ ಅಲುಗಲೇ ಇಲ್ಲ. ಅವನು ಅಲ್ಲಿಯೇ ಇದ್ದಾನೆ. ಅವನಿಗೆ ಏನು ಬೇಕು ಅಂತ ಕೇಳು."

ನಾನು ಕೇಳಲಿಲ್ಲ. ಕೇಳಬೇಕಾಗಿಯೇ ಇರಲಿಲ್ಲ, ನನಗೆ ಗೊತ್ತಿತ್ತಲ್ಲ...

ಗಾಡಿ ಉಮರ್ ಸಾಹೇಬರಿಗೆ ಹೋಯಿತು. ಆ ತೂತು? ಇದ್ದ ಹಾಗೇ ಇತ್ತು, ಕಾರ್ಪೆಟ್ಟಿನ ಕೆಳಗೆ. ಪೈಪಿನ ಸೋರಿಕೆಯೂ ಹಾಗೇ. ವೆಲ್ಡ್ ಮಾಡುತ್ತೇನೆ ಅಂತ ಅಲಿಕುಂಞಿ ಹೋದರೆ ಭೋಜ ಹತ್ತಿರ ಬಿಡಲಿಲ್ಲ. ಮುಚ್ಚಿದರೆ ಅಲ್ಲೊಂದು ತೂತು ಇತ್ತು ಅಂತ ಒಪ್ಪಿದ ಹಾಗಾಯಿತಲ್ಲ. ಆ ಚಳಿಗಾಲ ಗಾಡಿ ಓಡಿಸಲಿಕ್ಕೆ ಅಲಿಕುಂಞಿಯನ್ನೇ ಕ್ಯಾಂಪಿಗೆ ಕಳಿಸಿದರು. ಅವನು ಬಟ್ಟೆ ತುರುಕಿ ನೋಡಿದ. ಚೈನಿನ ನಡುಕಕ್ಕೆ ಬಟ್ಟೆ ನಿಲ್ಲುತ್ತದಾ? ಕೊನೆಗೆ ಬಾಗಿಲಿಗೆ ಹಗ್ಗ ಕಟ್ಟಿ ತೆರೆದಿಟ್ಟುಕೊಂಡು ಓಡಿಸುವ ಅಂತ ಹೊರಟ. ಆದರೆ ಹಗ್ಗ ಬೇಕಾಗಲಿಲ್ಲ.

ಒಂದು ದಿನ ಫೋನು ಮಾಡಿದ. "ಯಶೋಧರಣ್ಣ, ಬಾಗಿಲು ಹಾಕಲಿಕ್ಕೆ ಆಗುವುದಿಲ್ಲ. ಹಾಕಿದರೆ ಚಿಲಕ ತಾನಾಗಿ ಏಳುತ್ತದೆ. ಒಳಗಿನಿಂದ ಯಾರೋ ಬೆರಳು ಹಾಕಿ ಎಬ್ಬಿಸಿದ ಹಾಗೆ. ಮತ್ತೆ ವಾಸನೆ..." ಅಂದ. ಮತ್ತೆ ಹೇಳಿದ, "ಸಾಹೇಬರು ಕೇಳುತ್ತಾರೆ, ಈ ಗಾಡಿಯಲ್ಲಿ ಯಾರು ಬಖೂರ್ ಧೂಪ ಹಾಕಿದ್ದು, ಒಳ್ಳೆಯ ಪರಿಮಳ, ಎಲ್ಲಿ ಸಿಗುತ್ತದೆ ಅಂತ. ಬಖೂರ್ ಅಲ್ಲ ಅದು ಯಶೋಧರಣ್ಣ. ನಿಮ್ಮ ಊದುಬತ್ತಿ. ನೀವು ನಿಜ ಹೇಳಿ. ನಾನು ಸಾಕ್ಷಿ ನಿಲ್ಲುತ್ತೇನೆ. ಆದರೆ ಮಾವ ನೀವು, ಮೊದಲು ನೀವು ಹೇಳಬೇಕು."

ಹೇಳಿದೆನಾ? ಇಲ್ಲ.

ಫೆಬ್ರವರಿಯಲ್ಲಿ ಒಂದು ಶುಕ್ರವಾರ ಭೋಜ ನನ್ನನ್ನು ಕ್ಯಾಂಪಿಗೆ ಕರೆದುಕೊಂಡು ಹೋದ, ಬಾಗಿಲಿಗೆ ಗಟ್ಟಿ ಚಿಲಕ ಹಾಕಲಿಕ್ಕೆ. ಮಧ್ಯಾಹ್ನದ ಬಿಸಿಲು, ಡೇರೆಯ ಮುಂದೆ ಉಮರ್ ಸಾಹೇಬರ ಮೂರು ಮಕ್ಕಳು ಗಾಡಿ ಹತ್ತಲಿಕ್ಕೆ ಸಾಲು ನಿಂತಿದ್ದವು. ಕಬ್ಬಿಣದ ದಪ್ಪ ಚಿಲಕ ಕೂರಿಸಿದೆ. "ಒಳಗೆ ಕೂತು ಹಾಕಿ ನೋಡಿ ಯಶೋಧರಣ್ಣ, ಎಂಜಿನ್ ಎಬ್ಬಿಸಿ ನೋಡಿ" ಅಂತ ಭೋಜ ಹೊರಗೆ ನಿಂತು ಹೇಳಿದ. ಕೂತೆ. ಚಿಲಕ ಹಾಕಿದೆ. ಎಂಜಿನ್ ಎಬ್ಬಿಸಿದೆ.

ಮೊದಲು ತಂಪು. ಏಸಿಯ ತಂಪಲ್ಲ... ಎಲುಬಿಗೆ ಇಳಿಯುವ ತಂಪು. ನೋಡನೋಡುತ್ತಿದ್ದಂತೆ ಗಾಜಿನ ಒಳಗೆ ಬಿಳಿಯಾಗಿ ಹಿಮ ಕಟ್ಟಿತು. ನಾನು ಹಿಮ ನೋಡಿದವನಲ್ಲ, ಆದರೂ ಗೊತ್ತಾಯಿತು. ಹೊರಗಿನ ಬಿಸಿಲು ಮಸುಕಾಯಿತು. ಮತ್ತೆ ವಾಸನೆ. ನನ್ನದೇ ಕಟ್ಟಿನ ವಾಸನೆ. ತಲೆ ಭಾರವಾಗಲಿಕ್ಕೆ ಶುರುವಾಯಿತು, ಕಣ್ಣು ಮುಚ್ಚಿಕೊಂಡು ಬಂತು, ಇಷ್ಟು ಸುಖವಾ ಸಾಯುವುದು ಅಂತ ಅನ್ನಿಸಿತು. ಹಿಂದಿನ ಸೀಟಿನಲ್ಲಿ ಯಾರೋ ಮುಂದಕ್ಕೆ ಬಾಗಿದರು. ಕಿವಿಯ ಹತ್ತಿರ, ಅವನದ್ದೇ ಮೆಲ್ಲನೆಯ ಸ್ವರ.

"ಮಾವ, ಹತ್ತು ನಿಮಿಷದ ಕೆಲಸ."

ನಾನು ಕೂರಿಸಿದ ಕಬ್ಬಿಣದ ಚಿಲಕ ಮುರಿದು ಮರಳಿನ ಮೇಲೆ ಬಿತ್ತು. ಬಾಗಿಲು ತೆರೆಯಿತು. ನಾನು ಹೊರಗೆ ಬಿದ್ದೆ. ನಾನು ಬಿದ್ದದ್ದಲ್ಲ, ಬೆನ್ನಿನ ಮೇಲೆ ಒಂದು ಕೈ ತಳ್ಳಿತು.

ಮಕ್ಕಳು ನಕ್ಕವು. ಉಮರ್ ಸಾಹೇಬರು ಓಡಿ ಬಂದು ನೀರು ಕೊಟ್ಟರು. ಏನಾಯಿತು ಬಾಬಾ, ಅಂತ ಕೇಳಿದರು. ಆಗ ಕಾರ್ಪೆಟ್ ಎಳೆದು ತೋರಿಸಬಹುದಿತ್ತು. ಎರಡು ಹೆಜ್ಜೆ ದೂರದಲ್ಲಿ ತೂತು ಇತ್ತು. ಭೋಜ ನನ್ನನ್ನು ನೋಡಿದ, ಆ ನೋಟದಲ್ಲಿ ನನ್ನ ಸಹಿ ಇತ್ತು, ಇಕಾಮಾ ಇತ್ತು. ನಾನು ಏನು ಹೇಳಿದೆ ಕೇಳಿ... "ಚಿಲಕ ಸರಿ ಇಲ್ಲ ಸಾಹೇಬರೇ" ಅಂದೆ. ಸತ್ತವನು ಬದುಕಿದವನ ಜೀವ ಉಳಿಸಿದ. ಬದುಕಿದವನಿಗೆ ಒಂದು ಮಾತು ಹೇಳುವ ಯೋಗ್ಯತೆ ಇರಲಿಲ್ಲ.

ಸಿಟ್ಟು ಬರುತ್ತದಾ ನಿಮಗೆ? ಬರಲಿ. ನನಗೆ ಒಂದು ವರ್ಷದಿಂದ ಬರುತ್ತಾ ಉಂಟು. ಈ ಸಲದ ಆಯುಧಪೂಜೆಗೆ ಭೋಜ ಏನು ಮಾಡಿದ ಗೊತ್ತುಂಟಾ? ಧನರಾಜನ ಪಟ ದೊಡ್ಡದು ಮಾಡಿಸಿ, ಮಾಲೆ ಹಾಕಿ, ಆ ವೆಲ್ಡಿಂಗ್ ಮಿಷನ್ನಿನ ಪಕ್ಕದಲ್ಲಿ ಇಟ್ಟ. ನನಗೆ ಆರತಿ ಎತ್ತಿ ಅಂದ. ಆ ದಿನ ಆರತಿ ತಟ್ಟೆ ಕೆಳಗೆ ಇಟ್ಟು ಹೊರಗೆ ಬಂದವನು ಮತ್ತೆ ಆ ಗ್ಯಾರೇಜಿಗೆ ಕಾಲಿಡಲಿಲ್ಲ. ಕೆಲಸ ಖಲಾಸ್. ಇನ್ನು ಹದಿನೈದು ದಿನದಲ್ಲಿ ಊರಿಗೆ ಹೊರಡಲಿಕ್ಕೆ ಟಿಕೆಟ್ ಆಗಿದೆ.

ಆದರೆ ನಾಳೆ ಶುಕ್ರವಾರ. ಈ ವರ್ಷದ ಡೇರೆ ನಾಳೆ ಶುರು. ಅಲಿಕುಂಞಿ ಊರಿಗೆ ಹೋಗಿಯಾಯಿತು, ಹೊಸ ಡ್ರೈವರ್ ಬಂದಿದ್ದಾನೆ, ಭೋಜ ಅವನ ಕೈಯಲ್ಲಿ ಇನ್ನೂ ಗಟ್ಟಿ ಚಿಲಕ ಹಾಕಿಸಿದ್ದಾನಂತೆ. ಚಳಿ ಅಂತ ಮಕ್ಕಳು ಬಾಗಿಲು ಹಾಕುತ್ತವೆ. ಧನರಾಜ ಒಬ್ಬನೇ ಎಷ್ಟು ಸಲ ತೆರೆದಾನು? ಅವನಿಗೂ ಸುಸ್ತಾಗುವುದಿಲ್ಲವಾ...

ನಾನು ಅಲ್ಲಿಗೆ ನಿಲ್ಲಿಸಿದೆ. ಉಪ್ಪಿಟ್ಟು ತಟ್ಟೆಗಳಲ್ಲಿ ಹಾಗೇ ತಣಿದಿತ್ತು. ಸಿಂಚನಾ ಅಮ್ಮನ ಕೈ ಹಿಡಿದುಕೊಂಡಿದ್ದಳು. ಅವಳೇ ಮೊದಲು ಕೇಳಿದಳು, "ತಾತ, ವೈ ಆರ್ ಯು ಟೆಲಿಂಗ್ ಅಸ್? ಅವರಿಗೆ ಹೇಳಿ."

"ಇವಳು ಹೇಳೋದು ಸರಿ" ಎಂದರು ಬೃಂದಾ. "ಇಷ್ಟು ದಿನ ಬಾಯಿ ಮುಚ್ಕೊಂಡು ಭಜನೆ ಹೇಗೆ ಹೇಳ್ತಿದ್ರಿ ಯಶೋಧರಣ್ಣ?" ಅವರ ಮಾತು ಕಪಾಳಕ್ಕೆ ಹೊಡೆದ ಹಾಗಿತ್ತು. ಬೇಕಾದದ್ದೇ.

"ಅದಕ್ಕೇ ಇವತ್ತು ಇಲ್ಲಿಗೆ ಬಂದದ್ದು" ಎಂದೆ. "ನನ್ನ ಗ್ಯಾರೇಜಿನ ಅರಬ್ಬಿಯಲ್ಲಿ ಇದನ್ನೆಲ್ಲ ಹೇಳಲಿಕ್ಕೆ ಆಗುವುದಿಲ್ಲ. ಕುಶಾಲ್, ನಿಮಗೆ ಚೆನ್ನಾಗಿ ಬರುತ್ತದಲ್ಲ. ಇದು ಉಮರ್ ಸಾಹೇಬರ ನಂಬರ್. ಒಂದು ಮಾತೂ ಬಿಡಬೇಡಿ. ಊದುಬತ್ತಿಯನ್ನು ಬಿಡಬೇಡಿ, ನನ್ನ ಸಹಿಯನ್ನೂ ಬಿಡಬೇಡಿ."

ಕುಶಾಲ್ ಫೋನು ಮಾಡಿದರು. ಬಹಳ ಹೊತ್ತು ಅವರೊಬ್ಬರೇ ಮಾತಾಡಿದರು. ಆಮೇಲೆ ಆ ಕಡೆಯವರು ಮಾತಾಡಿದರು, ಸಣ್ಣ ಸ್ವರದಲ್ಲಿ. ಕುಶಾಲ್ ಫೋನಿಗೆ ಅಂಗೈ ಅಡ್ಡ ಹಿಡಿದು ನನ್ನನ್ನು ನೋಡಿದರು. ಅವರ ಮುಖದ ಬಣ್ಣ ಹೋಗಿತ್ತು.

"ಮಕ್ಕಳನ್ನ ಅದರ ಹತ್ರಕ್ಕೂ ಬಿಡಲ್ಲ ಅಂದ್ರು. ಭಾನುವಾರ ನಿಮ್ಮ ಜೊತೆ ಪೊಲೀಸ್ ಸ್ಟೇಷನ್ನಿಗೆ ತಾವೇ ಬರ್ತಾರಂತೆ. ಆದರೆ ಒಂದು ಕೇಳ್ತಿದಾರೆ... ಇಷ್ಟು ದಿನ ಆ ಗಾಡಿ ಬಾಗಿಲು ಹಾಕೋಕೆ ಆಗ್ತಿರಲಿಲ್ಲ. ಇವತ್ತು ಬೆಳಿಗ್ಗೆಯಿಂದ ತೆರೆಯೋಕೇ ಆಗ್ತಿಲ್ಲವಂತೆ. ನಾಲ್ಕು ಜನ ಸೇರಿ ಎಳೆದರೂ ಬರ್ಲಿಲ್ಲ. ಒಳಗಡೆ ಗಾಜೆಲ್ಲ ಬೆಳ್ಳಗಾಗಿದೆ. ಯಾರನ್ನೂ ಹತ್ತೋಕೆ ಬಿಡ್ತಿಲ್ಲ. ಒಳಗೆ ಕೂತಿರೋದು ಆ ಹುಡುಗನಾ ಅಂತ ಕೇಳ್ತಿದಾರೆ."

"ಹೌದು ಅಂತ ಹೇಳಿ. ನನ್ನ ಅಳಿಯ ಅಂತ ಹೇಳಿ."

ಎದ್ದು ಬಾಗಿಲ ಹತ್ತಿರ ಹೋದೆ. ಒಂದು ಗೇಣು ತೆರೆದಿತ್ತು. ಹೊರಗೆ ಮಳೆ. ಆ ಮನೆ ನನ್ನದಲ್ಲ, ಹೊಸ್ತಿಲು ಸಹ ಸಿಮೆಂಟಿನದು. ಆದರೂ ಅಲ್ಲಿಯೇ ನಿಂತು ಕರೆದೆ. ಸಿಟ್ಟನ್ನು ಹೊರಗೆ ಇಟ್ಟು ಬಾ ಮಗಾ, ಅದನ್ನು ಹೊರಲಿಕ್ಕೆ ನಾನಿದ್ದೇನೆ. ಧನರಾಜ, ಉಳಯಿ ಬಲ. ಧನರಾಜ, ಉಳಯಿ ಬಲ. ಮೂರನೆಯ ಸಲ ಹೆಸರು ಬಾಯಿಯಿಂದ ಪೂರ್ತಿ ಹೊರಡುವ ಮೊದಲೇ ದೇವರ ದೀಪ ಒಮ್ಮೆ ಬಾಗಿ ನೆಟ್ಟಗೆ ನಿಂತಿತು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು, ಗಾಳಿಗೆ ಬಡಿದ ಹಾಗಲ್ಲ, ಮಲಗಿದವರಿಗೆ ಎಚ್ಚರವಾಗದ ಹಾಗೆ ಮುಚ್ಚುತ್ತಾರಲ್ಲ, ಹಾಗೆ. ಒಳಗಿನ ಚಿಲಕ ತಾನಾಗಿ ಬಿತ್ತು. ಆ ದಿನ ಬೃಂದಾ ಊದುಬತ್ತಿ ಹಚ್ಚಿರಲಿಲ್ಲ, ತೀರಿಹೋಗಿತ್ತೆಂದು ಕರ್ಪೂರವನ್ನಷ್ಟೇ ಬೆಳಗಿದ್ದರು. ಆದರೂ ಮನೆ ತುಂಬ ಆ ಪರಿಮಳ ಬಂತು. ಬಾಗಿಲ ಪಕ್ಕದ ಖಾಲಿ ಚಾಪೆಯ ಮೇಲೆ ಎರಡು ಅಂಗೈಯಷ್ಟು ಜಾಗ ಒದ್ದೆಯಾಗಿತ್ತು. ಮಳೆಯ ನೀರಲ್ಲ. ಸಿಂಚನಾ ಬೆರಳಿಟ್ಟು ಕೈ ಹಿಂದೆ ತೆಗೆದಳು. ಮಂಜುಗಡ್ಡೆ ಕರಗಿದ ತಣ್ಣೀರು.

ನಾಳೆ ಭಾನುವಾರ, ಸಾಹೇಬರ ಜೊತೆ ಸ್ಟೇಷನ್ನಿಗೆ ಹೋಗುವ ದಿನ. ಇದನ್ನು ಬರೆಯುವಾಗ ನನ್ನ ರೂಮಿನ ಬಾಗಿಲು ಹಾಕಿದೆ. ಒಂದು ವರ್ಷದ ನಂತರ ಮೊದಲ ಸಲ. ಇಲ್ಲಿ ನಾನೊಬ್ಬನೇ ಇಲ್ಲ ಎಂದು ಬಲ್ಲೆ. ಊರಿಗೆ ಟಿಕೆಟ್ ಒಂದೇ ತೆಗೆದದ್ದು, ಆದರೆ ಹೋಗುವವರು ಇಬ್ಬರು.

ದೇವರೇ, ನಿನ್ನ ಹೆಸರಿನಲ್ಲಿ ನಾನು ಮಾಡಿದ ತಪ್ಪನ್ನು ನನ್ನ ಮೇಲೆಯೇ ಇಡು. ಅವನ ದುಡಿದ ಕೈಗೆ ಇನ್ನು ಕೆಲಸ ಕೊಡಬೇಡ. ಹಿರಿಯರ ಸಾಲಿನಲ್ಲಿ ಅವನಿಗೊಂದು ಎಲೆ ಹಾಕಿಸು, ತೆರೆದ ಗಾಳಿಯಲ್ಲಿ ಅವನನ್ನು ಮಲಗಿಸು. ಧನರಾಜನ ಆತ್ಮಕ್ಕೆ ಶಾಂತಿ ಇರಲಿ.